ಕಾರು ತೋರಿಸುವ ಹೊರಗಿನ ಉಷ್ಣತೆ: ತಪ್ಪೆಲ್ಲಿ, ತಿದ್ದುವುದು ಹೇಗೆ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಪರೀಕ್ಷೆ ಮುಗಿಸಿದ ನೀವು ಮನೆಯವರೊಡನೆ ಕಾರಿನಲ್ಲಿ ಕೂಡಲಸಂಗಮಕ್ಕೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ವಿಜಯಪುರ ಬಿಟ್ಟು, ನಿಡಗುಂದಿ ದಾಟಿ, ಕೃಷ್ಣೆಯ ಸೇತುವೆ ಹಾಯ್ದು ಹುನಗುಂದದ ಕಡೆ ಸಾಗುವ ಹೆದ್ದಾರಿಯಿಂದ ಸಂಗಮದ ಕ್ರಾಸಿನಲ್ಲಿ ತಿರುಗಿಕೊಂಡಿದ್ದೀರಿ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಅಂಕಿ 41 ಡಿಗ್ರಿ ಎನ್ನುತ್ತಿತ್ತು. ಕಾರನ್ನು ಬಿಸಿಲಿನ ಬಯಲಿನಲ್ಲಿ ನಿಲ್ಲಿಸಿ, ಸಂಗಮನಾಥನ ಗುಡಿ ನೋಡಿ, ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಮಂಟಪದ ಬಳಿ ಕೆಲಹೊತ್ತು ಕುಳಿತು ಮರಳುವಷ್ಟರಲ್ಲಿ ಒಂದು ಗಂಟೆ ಕಳೆದಿದೆ. ಕಾರು ಚಾಲೂ ಮಾಡಿದೊಡನೆ ಅಂಕಿ 48 ಎನ್ನುತ್ತದೆ. "ಐವತ್ತಕ್ಕ ಬಂತ್ ನೋಡಪಾ!" ಎಂದು ತಮ್ಮ ಅಪ್ಪನಿಗೆ ತೋರಿಸುತ್ತಾನೆ. ಆ ಅಂಕಿಯ ಫೋಟೋ ಗೆಳೆಯರ ಮೊಬೈಲುಗಳಿಗೆ ಹೋಗಿಯೂ ಬಿಡುತ್ತದೆ.

ಹೆದ್ದಾರಿಗೆ ಮರಳಿ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಅದೇ ಅಂಕಿ 46, 44 ಎಂದು ಮೆಲ್ಲಗೆ ಇಳಿಯುತ್ತ 42ಕ್ಕೆ ಬಂದು ನಿಲ್ಲುತ್ತದೆ. ಹಾಗಾದರೆ ಕೃಷ್ಣೆ, ಮಲಪ್ರಭೆಯರು ಕೂಡುವ ಆ ಜಾಗ ಎರೆ ಹೊಲಗಳ ನಡುವಿನ ಹೆದ್ದಾರಿಗಿಂತ ಆರು ಡಿಗ್ರಿ ಹೆಚ್ಚು ಬಿಸಿಯಾಗಿತ್ತೇ? ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಚಾಚುವ ಸ್ಥಳ ಅದು. ಬೇಸಿಗೆಯಲ್ಲಿ ನೀರು ಇಳಿದಿದ್ದರೂ ನದಿಯ ದಂಡೆ ಬರಿಹೊಲಕ್ಕಿಂತ ಅಷ್ಟು ಬಿಸಿಯಾಗಿರಲು ಕಾರಣವೇ ಇಲ್ಲ. ಕಾರು ತಪ್ಪು ಹೇಳಿದೆ ಎಂಬುದು ಖಚಿತ. ಆದರೆ ಅದು ಯಾವ ಬಗೆಯ ತಪ್ಪು? ಕೆಟ್ಟ ಉಪಕರಣ ಹೇಳುವ ತಪ್ಪು ಒಂದು ಬಗೆಯದು; ಒಳ್ಳೆಯ ಉಪಕರಣವೇ ತಪ್ಪು ಜಾಗದಲ್ಲಿ ಕುಳಿತು ಹೇಳುವ ತಪ್ಪು ಇನ್ನೊಂದು ಬಗೆಯದು. ಇವೆರಡನ್ನು ಬೇರ್ಪಡಿಸದೆ ತಿದ್ದಲು ಹೊರಟರೆ ಸರಿಯಾಗಿದ್ದದ್ದೂ ಕೆಡುತ್ತದೆ.

ಇಷ್ಟಕ್ಕೂ ನಾಲ್ಕಾರು ಡಿಗ್ರಿಗಾಗಿ ತಲೆ ಕೆಡಿಸಿಕೊಳ್ಳಬೇಕೆ ಎಂದು ನೀವು ಕೇಳಬಹುದು. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣತೆ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಷ್ಟು ಹೆಚ್ಚಿದ್ದರೆ ಅದನ್ನು ಭಾರತೀಯ ಹವಾಮಾನ ಇಲಾಖೆ ಬಿಸಿಗಾಳಿಯ ಸ್ಥಿತಿ ಎಂದು ಪರಿಗಣಿಸುತ್ತದೆ. ವಾಡಿಕೆ ಏನೇ ಇರಲಿ, 45 ಮುಟ್ಟಿದರೆ ಬಿಸಿಗಾಳಿ, 47 ಮುಟ್ಟಿದರೆ ತೀವ್ರ ಬಿಸಿಗಾಳಿ. ಅಂದರೆ ಸಾಮಾನ್ಯ ಬೇಸಿಗೆಯ ದಿನಕ್ಕೂ ಎಚ್ಚರಿಕೆಯ ದಿನಕ್ಕೂ ನಡುವೆ ಇರುವುದು ಎರಡು ಮೂರು ಡಿಗ್ರಿಗಳ ಅಂತರವಷ್ಟೇ. ನಿಜವಾದ 40 ಅನ್ನು 38 ಎಂದು ತೋರಿಸುವ ಕಾರನ್ನು ನಂಬಿ, "ಇವತ್ತು ಅಷ್ಟೇನೂ ಬಿಸಿಲಿಲ್ಲ" ಎಂದು ವಯಸ್ಸಾದ ಅಜ್ಜಿಯನ್ನು ನಡುಮಧ್ಯಾಹ್ನ ಹೊರಡಿಸುವವರೂ ಇರಬಹುದು. ಹೆಚ್ಚು ತೋರಿಸುವ ಸೆನ್ಸರಿಗಿಂತ ಕಡಿಮೆ ತೋರಿಸುವ ಸೆನ್ಸರ್ ಹೆಚ್ಚು ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ. ತಾನಾಗಿ ತಂಪನ್ನು ಹೊಂದಿಸಿಕೊಳ್ಳುವ ಎ.ಸಿ. ಇರುವ ಕಾರುಗಳಲ್ಲಿ ಈ ಅಂಕಿಯನ್ನು ಯಂತ್ರವೂ ನಂಬುತ್ತದೆ. ಅಂಕಿ ತಪ್ಪಾದರೆ ತಂಪೂ ಏರುಪೇರಾಗುತ್ತದೆ. ಹಿಮ ಬೀಳುವ ನಾಡುಗಳಲ್ಲಂತೂ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟಿರಬಹುದೆಂಬ ಎಚ್ಚರಿಕೆ ಇದೇ ಸೆನ್ಸರಿನಿಂದ ಬರುತ್ತದೆ.

ಈಗ ಆ ಸೆನ್ಸರ್ ಎಲ್ಲಿದೆ, ಹೇಗಿದೆ ನೋಡೋಣ. ಬಹುತೇಕ ಕಾರುಗಳಲ್ಲಿ ಅದು ಮುಂದಿನ ಬಂಪರಿನ ಹಿಂದೆ, ರೇಡಿಯೇಟರಿನ ಮುಂಭಾಗದಲ್ಲಿ ಒಂದು ಕ್ಲಿಪ್ಪಿಗೆ ಸಿಕ್ಕಿಸಿಕೊಂಡಿರುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಕನ್ನಡಿಯ ಕೆಳಭಾಗದಲ್ಲಿರುತ್ತದೆ. ಬೆರಳಿನ ತುದಿಯಷ್ಟು ದೊಡ್ಡ ಪ್ಲಾಸ್ಟಿಕ್ ಕವಚ, ಹಿಂದೆ ಎರಡು ತಂತಿಗಳು, ಅಷ್ಟೇ. ಒಳಗಿರುವುದು ಥರ್ಮಿಸ್ಟರ್ ಎಂಬ ಅರೆವಾಹಕದ ಚೂರು. ಲೋಹದ ತಂತಿ ಬಿಸಿಯಾದರೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆಂದು ನೀವು ಪಾಠದಲ್ಲಿ ಓದಿದ್ದೀರಿ. ಈ ಥರ್ಮಿಸ್ಟರಿನ ನಡವಳಿಕೆ ಅದಕ್ಕೆ ತದ್ವಿರುದ್ಧ: ಬಿಸಿ ಏರಿದಷ್ಟೂ ರೋಧ ಇಳಿಯುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ 25 ಡಿಗ್ರಿಗೆ 10 ಸಾವಿರ ಓಮ್ ರೋಧವಿದ್ದರೆ, 0 ಡಿಗ್ರಿಗೆ ಸುಮಾರು 33 ಸಾವಿರ ಓಮ್, 40 ಡಿಗ್ರಿಗೆ ಸುಮಾರು 5,300 ಓಮ್. ಕಾರಿನೊಳಗಿನ ಪುಟ್ಟ ಗಣಕ ಈ ತಂತಿಗಳಿಗೆ ಸಣ್ಣ ವೋಲ್ಟೇಜ್ ಕೊಟ್ಟು, ರೋಧವೆಷ್ಟೆಂದು ಅಳೆದು, ತನ್ನೊಳಗಿನ ಕೋಷ್ಟಕಕ್ಕೆ ಹೋಲಿಸಿ ಅಂಕಿಯನ್ನು ತೆರೆಯ ಮೇಲೆ ಬರೆಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸೆನ್ಸರಿಗೆ ಗಾಳಿಯ ಉಷ್ಣತೆ ಗೊತ್ತಿಲ್ಲ; ಅದಕ್ಕೆ ಗೊತ್ತಿರುವುದು ತನ್ನ ಉಷ್ಣತೆ ಮಾತ್ರ. ಕಾರು ವೇಗವಾಗಿ ಓಡುವಾಗ ಹೊಸ ಗಾಳಿ ಎಡೆಬಿಡದೆ ಬಂದು ಬಡಿಯುವುದರಿಂದ ಸೆನ್ಸರಿನ ಉಷ್ಣತೆ ಗಾಳಿಯ ಉಷ್ಣತೆಗೆ ಬಹಳ ಸಮೀಪ ಬರುತ್ತದೆ. ಕಾರು ನಿಂತೊಡನೆ ಆ ಗಾಳಿ ನಿಲ್ಲುತ್ತದೆ. ಆಗ ವಹನ, ಸಂವಹನ, ವಿಕಿರಣ ಮೂರೂ ತಮ್ಮ ತಮ್ಮ ಕೆಲಸ ಶುರುಮಾಡುತ್ತವೆ. ಬಿಸಿಲು ಬಿದ್ದ ಬಂಪರ್ ಕಾಯ್ದು ಸೆನ್ಸರನ್ನು ಕಾಯಿಸುತ್ತದೆ. ಎಂಜಿನ್ ಮತ್ತು ರೇಡಿಯೇಟರಿನ ಸುತ್ತಲಿನ ಬಿಸಿ ಗಾಳಿ ಮುಂದಕ್ಕೆ ಹರಡುತ್ತದೆ. ಕೆಳಗಿನ ನೆಲವೂ ಸುಮ್ಮನಿರುವುದಿಲ್ಲ. ಗಾಳಿ 40 ಡಿಗ್ರಿ ಇದ್ದಾಗ ಡಾಂಬರಿನ ಮೇಲ್ಮೈ 60 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ಅದರಿಂದ ಒಂದು ಗೇಣು, ಎರಡು ಗೇಣು ಮೇಲೆ ತೂಗುವ ಸೆನ್ಸರಿಗೆ ಆ ಶಾಖದ ವಿಕಿರಣ ತಟ್ಟದೆ ಹೇಗಿರುತ್ತದೆ? ಸಂಗಮದ ಬಯಲಿನಲ್ಲಿ ಕಂಡ 48 ಸುಳ್ಳಲ್ಲ. ಅದು ಬಂಪರಿನ ಹಿಂದಿನ ಉಷ್ಣತೆ.

ಹಾಗಾದರೆ ಪತ್ರಿಕೆಯಲ್ಲಿ, ವಾರ್ತೆಯಲ್ಲಿ ಬರುವ ಉಷ್ಣತೆ ಎಲ್ಲಿಯದು? ಹವಾಮಾನ ವೀಕ್ಷಣಾಲಯಗಳಲ್ಲಿ ನಾಲ್ಕು ಕಾಲಿನ ಮೇಲೆ ನಿಂತ ಬಿಳಿಯ ಮರದ ಪೆಟ್ಟಿಗೆಯೊಂದನ್ನು ನೀವು ಕಂಡಿರಬಹುದು. ಅದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆ ಎಂದು ಹೆಸರು. ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ 19ನೆಯ ಶತಮಾನದಲ್ಲಿ ಇದನ್ನು ರೂಪಿಸಿದ. 'ಟ್ರೆಷರ್ ಐಲೆಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಈತನ ಮಗ. ಪೆಟ್ಟಿಗೆಯ ಗೋಡೆಗಳು ಓರೆಯಾಗಿ ಜೋಡಿಸಿದ ಪಟ್ಟಿಗಳಿಂದಾದವು. ಗಾಳಿ ಒಳಹೋಗಬಹುದು, ಬಿಸಿಲು ಹೋಗಲಾರದು. ಬಾಗಿಲು ನಮ್ಮ ದೇಶದಲ್ಲಿ ಉತ್ತರಕ್ಕೆ ತೆರೆಯುತ್ತದೆ, ತೆರೆದಾಗ ಬಿಸಿಲು ಉಷ್ಣಮಾಪಕದ ಮೇಲೆ ಬೀಳದಿರಲೆಂದು. ಉಷ್ಣಮಾಪಕ ನೆಲದಿಂದ ಒಂದೂಕಾಲು ಮೀಟರಿನಷ್ಟು ಎತ್ತರದಲ್ಲಿ, ಕಟ್ಟಡಗಳಿಂದ ದೂರದ ತೆರೆದ ಜಾಗದಲ್ಲಿರುತ್ತದೆ. ಜಗತ್ತಿನ ಎಲ್ಲ ಊರುಗಳ ಉಷ್ಣತೆಯನ್ನು ಒಂದಕ್ಕೊಂದು ಹೋಲಿಸಲು ಸಾಧ್ಯವಾಗಿರುವುದು ಎಲ್ಲರೂ ಈ ಒಂದೇ ಬಗೆಯ ನೆರಳಿನಲ್ಲಿ ಅಳೆಯುವುದಕ್ಕೆ ಒಪ್ಪಿರುವುದರಿಂದ. ಕಾರಿನ ಸೆನ್ಸರಿಗೆ ಈ ಸವಲತ್ತು ಯಾವುದೂ ಇಲ್ಲ.

ಜಾಗದ ತಪ್ಪು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲೇ ಒಂದು ಸಾಕ್ಷಿಯಿದೆ. 1922ರ ಸೆಪ್ಟೆಂಬರ್ 13ರಂದು ಲಿಬಿಯಾದ ಅಲ್ ಅಝೀಝಿಯಾ ಎಂಬಲ್ಲಿ 58 ಡಿಗ್ರಿ ಉಷ್ಣತೆ ದಾಖಲಾಯಿತು. ತೊಂಬತ್ತು ವರ್ಷಗಳ ಕಾಲ ಅದು ಭೂಮಿಯ ಮೇಲಿನ ಅತಿ ಹೆಚ್ಚಿನ ಉಷ್ಣತೆ ಎಂದು ಪಠ್ಯಪುಸ್ತಕಗಳಲ್ಲಿ, ಕ್ವಿಜ್ ಸ್ಪರ್ಧೆಗಳಲ್ಲಿ ಮೆರೆಯಿತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ಪಟ್ಟಿಯಿಂದ ತೆಗೆದುಹಾಕಿತು. ಹಳೆಯ ದಾಖಲೆಪುಸ್ತಕವನ್ನು ಪರಿಶೀಲಿಸಿದ ತಜ್ಞರು ಹಲವು ಅನುಮಾನಗಳನ್ನು ಎತ್ತಿದ್ದರು. ಬಳಸಿದ ಉಪಕರಣ ಆ ಕೆಲಸಕ್ಕೆ ತಕ್ಕದ್ದಾಗಿರಲಿಲ್ಲ; ಓದಿದವನು ಅನುಭವವಿಲ್ಲದ ಹೊಸಬನಿದ್ದಂತೆ ತೋರುತ್ತಿತ್ತು; ಅಳತೆ ನಡೆದ ನೆಲ ಡಾಂಬರಿನಂತಹ ಪದಾರ್ಥದ್ದಾಗಿತ್ತು, ಸುತ್ತಲಿನ ಮರುಭೂಮಿಯ ನೆಲದಂತಿರಲಿಲ್ಲ; ನೆರೆಯ ಊರುಗಳ ಅಂಕಿಗಳಿಗೆ ಅದು ಹೊಂದುತ್ತಿರಲಿಲ್ಲ. ತಪ್ಪು ಸುಮಾರು 7 ಡಿಗ್ರಿ ಇರಬಹುದೆಂದು ಅವರು ಅಂದಾಜು ಮಾಡಿದರು. ನಿಮ್ಮ ಕಾರು ಸಂಗಮದಲ್ಲಿ ಮಾಡಿದ ತಪ್ಪೂ ಹೆಚ್ಚುಕಡಿಮೆ ಅಷ್ಟೇ.

ಕಾರು ತಯಾರಿಸುವವರಿಗೆ ಈ ತೊಂದರೆ ಗೊತ್ತಿಲ್ಲದಿಲ್ಲ. ಅನೇಕ ಕಾರುಗಳ ಗಣಕಗಳಿಗೆ ಒಂದು ಉಪಾಯ ಕಲಿಸಿರುತ್ತಾರೆ: ಸೆನ್ಸರಿನ ಉಷ್ಣತೆ ಇಳಿದರೆ ಕೂಡಲೇ ತೋರಿಸು, ಏರಿದರೆ ಮಾತ್ರ, ಕಾರು ಒಂದಿಷ್ಟು ವೇಗದಲ್ಲಿ ಕೆಲಹೊತ್ತು ಓಡುವತನಕ ಕಾದು, ಮೆಲ್ಲಮೆಲ್ಲಗೆ ಏರಿಸು. ಹೀಗಾಗಿ ಬಾಗಲಕೋಟೆಯ ಸಂತೆಯ ದಟ್ಟಣೆಯಲ್ಲಿ ತೆವಳುವಾಗ ಕೆಲವು ಕಾರುಗಳ ಅಂಕಿ ಹಳೆಯ ಜಾಗದಲ್ಲೇ ಕುಳಿತಿರುತ್ತದೆ. ಅದನ್ನು ಕಂಡು ಸೆನ್ಸರ್ ಕೆಟ್ಟಿತೆಂದು ಗ್ಯಾರೇಜಿಗೆ ಓಡುವವರಿದ್ದಾರೆ. ಓಡುವ ಮೊದಲು ಒಂದು ಪರೀಕ್ಷೆ ಮಾಡಿ.

ಪರೀಕ್ಷೆಗೆ ತಕ್ಕ ಸಮಯ ಬೆಳಗಿನ ಜಾವ, ಸೂರ್ಯ ಹುಟ್ಟುವ ಮೊದಲು. ಹಿಂದಿನ ದಿನ ಸಂಜೆಯಿಂದ ಕಾರು ನಿಂತೇ ಇರಬೇಕು. ಎಂಜಿನ್ ಪೂರ್ತಿ ಆರಿರುತ್ತದೆ, ಬಿಸಿಲಿಲ್ಲ, ನೆಲವೂ ತಣಿದಿರುತ್ತದೆ. ನಂಬಿಕೆಯ ಉಷ್ಣಮಾಪಕವೊಂದನ್ನು ರಾತ್ರಿಯೇ ಬಂಪರಿನ ಬಳಿ, ಸೆನ್ಸರ್ ಇರುವಷ್ಟೇ ಎತ್ತರದಲ್ಲಿ ತೂಗುಹಾಕಿ. ಎತ್ತರದ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ನಿರಭ್ರ ರಾತ್ರಿಯ ಕೊನೆಗೆ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿರುತ್ತದೆ, ಮಾಳಿಗೆಯ ಮೇಲಿನ ಉಷ್ಣಮಾಪಕದೊಡನೆ ಹೋಲಿಸಿದರೆ ಇಲ್ಲದ ವ್ಯತ್ಯಾಸ ಕಾಣಿಸೀತು. ಬೆಳಿಗ್ಗೆ ಕೀಲಿ ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಅಂಕಿಯನ್ನು ಓದಿಕೊಳ್ಳಿ. ಎರಡೂ ಒಂದೆರಡು ಡಿಗ್ರಿಯೊಳಗೆ ಹೊಂದಿದರೆ ಸೆನ್ಸರ್ ಆರೋಗ್ಯವಾಗಿದೆ ಎನ್ನಬಹುದು. ಮಧ್ಯಾಹ್ನದ ತಪ್ಪು ಜಾಗದ ತಪ್ಪು. ಜಾವದಲ್ಲೂ ಹೊಂದದಿದ್ದರೆ ದೋಷ ಸೆನ್ಸರಿನಲ್ಲೋ ತಂತಿಯಲ್ಲೋ ಇದೆ.

ಜಾಗದ ತಪ್ಪುಗಳಲ್ಲಿ ತಿದ್ದಬಹುದಾದದ್ದು ಒಂದುಂಟು. ಬಂಪರಿಗೆ ಪೆಟ್ಟು ಬಿದ್ದು ಬದಲಾಯಿಸಿದಾಗ ಸೆನ್ಸರನ್ನು ಅದರ ಕ್ಲಿಪ್ಪಿಗೆ ಮತ್ತೆ ಸಿಕ್ಕಿಸಲು ಮರೆತುಬಿಡುತ್ತಾರೆ. ಅದು ತಂತಿಗೆ ಜೋತುಬಿದ್ದು ರೇಡಿಯೇಟರಿಗೆ ತಾಗಿಕೊಂಡು, ಓಡುವಾಗಲೂ ಎಂಟು ಹತ್ತು ಡಿಗ್ರಿ ಹೆಚ್ಚು ತೋರಿಸುತ್ತಿರುತ್ತದೆ. ಹೊಸ ಸೆನ್ಸರ್ ಕೊಂಡರೂ ಹೀಗೇ ತೋರಿಸೀತು! ಬಗ್ಗಿ ನೋಡಿ, ಸ್ವಸ್ಥಾನದಲ್ಲಿ ಕೂರಿಸಿದರೆ ಮುಗಿಯಿತು. ಎರೆಮಣ್ಣಿನ ಕೆಸರು ಮೆತ್ತಿ ಒಣಗಿದ್ದರೆ ಗಾಳಿ ಸೆನ್ಸರನ್ನು ಮುಟ್ಟುವುದು ತಡವಾಗುತ್ತದೆ. ಮೆತ್ತನೆಯ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಎಂಜಿನ್ ಬಿಸಿಯಿರುವಾಗ ಅಲ್ಲಿ ಕೈ ಹಾಕಬೇಡಿ. ಎಂಜಿನ್ ನಿಲ್ಲಿಸಿದ ಮೇಲೂ ರೇಡಿಯೇಟರಿನ ಫ್ಯಾನ್ ತಾನಾಗಿ ತಿರುಗಬಲ್ಲದು.

ಈಗ ವಿದ್ಯುತ್ತಿನ ಕಡೆಗೆ ಬರೋಣ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿಂದ ಮುಂದೆಯೇ ರುಚಿ. ತೆರೆಯ ಮೇಲೆ ಸೊನ್ನೆಗಿಂತ ಕೆಳಗಿನ 40 ಡಿಗ್ರಿ ಕಂಡರೆ ಬಾಗಲಕೋಟೆ ಜಿಲ್ಲೆಗೆ ಸೈಬೀರಿಯಾ ಬಂದಿಲ್ಲ. ತಂತಿ ಎಲ್ಲೋ ಕಡಿದಿದೆ ಅಥವಾ ಪ್ಲಗ್ ಕಳಚಿದೆ. ತುಂಡಾದ ತಂತಿಯ ರೋಧ ಅಪಾರ. ರೋಧ ಹೆಚ್ಚೆಂದರೆ ಚಳಿ ಹೆಚ್ಚೆಂದು ಗಣಕದ ತಿಳಿವಳಿಕೆ. ಕೆಲವು ಕಾರುಗಳು ಆಗ ಬರಿಯ ಅಡ್ಡಗೆರೆ ತೋರಿಸುತ್ತವೆ. ಇಂತಹ ದೋಷ ಕಣ್ಣಿಗೆ ಹೊಡೆಯುವಂತಿರುತ್ತದೆ. ಮೋಸಗೊಳಿಸುವುದು ಅರೆಬರೆ ದೋಷಗಳು.

ಪ್ಲಗ್ಗಿನ ಲೋಹದ ಕಡ್ಡಿಗಳಿಗೆ ಕಿಲುಬು ಹಿಡಿದು 500 ಓಮ್ ರೋಧ ಹೆಚ್ಚಾಗಿ ಸೇರಿಕೊಂಡಿತೆನ್ನಿ. ನಮ್ಮ ಉದಾಹರಣೆಯ ಥರ್ಮಿಸ್ಟರಿನಲ್ಲಿ 40 ಡಿಗ್ರಿಗೆ 5,300 ಓಮ್ ಇರಬೇಕಾದಲ್ಲಿ ಈಗ 5,800 ಆಯಿತು. ಗಣಕ ಅದನ್ನು ಸುಮಾರು 38 ಡಿಗ್ರಿ ಎಂದು ಓದುತ್ತದೆ. ತಪ್ಪು 2 ಡಿಗ್ರಿಗೂ ಹೆಚ್ಚು. ಅದೇ ಕಿಲುಬು 20 ಡಿಗ್ರಿಯ ಬೆಳಗಿನಲ್ಲಿ ಏನು ಮಾಡುತ್ತದೆ? ಅಲ್ಲಿ ಮೊದಲೇ 12,500 ಓಮ್ ಇದೆ; 500 ಸೇರಿದರೆ 13,000. ತಪ್ಪು 1 ಡಿಗ್ರಿಗೂ ಕಡಿಮೆ. ಅಂದರೆ ಚಳಿಗಾಲದಲ್ಲಿ ಸರಿಯಾಗಿಯೇ ಇದ್ದಂತೆ ಕಂಡ ಸೆನ್ಸರ್, ಎಚ್ಚರಿಕೆ ಬೇಕಾದ ಕಡುಬೇಸಿಗೆಯಲ್ಲೇ ಕಡಿಮೆ ತೋರಿಸುತ್ತದೆ.

ಇನ್ನೊಂದು ದೋಷ ಇದರ ತಿರುವುಮುರುವು. ಪ್ಲಗ್ಗಿನೊಳಗೆ ಕೆಸರುನೀರು ಸೇರಿ ಎರಡು ಕಡ್ಡಿಗಳ ನಡುವೆ ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಟ್ಟಿತೆನ್ನಿ. ಅದರ ರೋಧ 50 ಸಾವಿರ ಓಮ್ ಇರಲಿ. ಇದು ಸಮಾಂತರ ಜೋಡಣೆ. ನೀವೇ ಲೆಕ್ಕ ಹಾಕಿ ನೋಡಿ. 12,500 ಮತ್ತು 50,000 ಸಮಾಂತರವಾಗಿ ಸೇರಿದರೆ ಬರುವುದು 10 ಸಾವಿರ ಓಮ್. ಗಣಕದ ಕೋಷ್ಟಕದಲ್ಲಿ ಅದು 25 ಡಿಗ್ರಿ. 20 ಡಿಗ್ರಿಯ ಮುಂಜಾವನ್ನು ಕಾರು 25 ಎನ್ನುತ್ತದೆ. 40 ಡಿಗ್ರಿಯ ಮಧ್ಯಾಹ್ನ ಇದೇ ದೋಷದಿಂದ ಆಗುವ ಹೆಚ್ಚಳ ಎರಡೂವರೆ ಡಿಗ್ರಿ ಮಾತ್ರ. ತಪ್ಪು ಎಷ್ಟಿದೆ ಎಂಬುದಲ್ಲದೆ, ಬಿಸಿಯಲ್ಲಿ ಹೆಚ್ಚೋ ತಂಪಿನಲ್ಲಿ ಹೆಚ್ಚೋ ಎಂದು ಗಮನಿಸಿದರೆ ಕಳ್ಳ ಯಾರೆಂಬುದರ ಸುಳಿವು ಪ್ಲಗ್ ಬಿಚ್ಚುವ ಮೊದಲೇ ಸಿಗುತ್ತದೆ.

ಸೆನ್ಸರನ್ನೇ ನೇರವಾಗಿ ಪರೀಕ್ಷಿಸಬೇಕಾದರೆ ಮನೆಯವರ ಅಥವಾ ಮೆಕ್ಯಾನಿಕ್ಕರ ನೆರವಿನಿಂದ ಅದನ್ನು ಬಿಚ್ಚಿ ತೆಗೆಯಿರಿ. ಅಗ್ಗದ ಮಲ್ಟಿಮೀಟರ್ ಒಂದಿದ್ದರೆ ಸಾಕು. ನಿಮ್ಮ ಶಾಲೆಯ, ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದ್ದೇ ಇರುತ್ತದೆ. ಒಂದು ಪಾತ್ರೆಯಲ್ಲಿ ಜಜ್ಜಿದ ಮಂಜುಗಡ್ಡೆ ತುಂಬಿ, ಅದು ತೋಯುವಷ್ಟೇ ನೀರು ಹಾಕಿ ಕಲಕಿ. ಅದರ ಉಷ್ಣತೆ 0 ಡಿಗ್ರಿ. ಸೆನ್ಸರಿನ ಕಡ್ಡಿಗಳಿಗೆ ನೀರು ತಾಗದಂತೆ ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಮುಳುಗಿಸಿ, ಹತ್ತು ನಿಮಿಷ ಬಿಟ್ಟು ರೋಧವನ್ನು ಅಳೆಯಿರಿ. ಎರಡನೆಯ ಬಿಂದುವಿಗೆ ಉಗುರುಬೆಚ್ಚಗಿನ ನೀರು ಬೇಕು. ಜ್ವರ ನೋಡುವ ಡಿಜಿಟಲ್ ಉಷ್ಣಮಾಪಕ ಇಲ್ಲಿ ಬಹಳ ಉಪಯೋಗಿ. 35ರಿಂದ 42 ಡಿಗ್ರಿಯ ನಡುವೆ ಅದರಷ್ಟು ನಿಖರವಾದ ಉಪಕರಣ ಮನೆಯಲ್ಲಿ ಬೇರೊಂದಿರಲಾರದು, ನಮಗೆ ಬೇಕಾದದ್ದೂ ಅದೇ ವ್ಯಾಪ್ತಿ. ನೀರನ್ನು ಕಲಕುತ್ತ 40ಕ್ಕೆ ತಂದು ಸೆನ್ಸರಿನ ರೋಧ ನೋಡಿ. ಹಳೆಯ ಪಾದರಸದ ಕಡ್ಡಿ ಬೇಡ, ಒಡೆದರೆ ವಿಷ. ಕುದಿಯುವ ನೀರನ್ನು ನೂರು ಡಿಗ್ರಿ ಎಂದು ನೆಚ್ಚುವುದೂ ಬೇಡ. ಕೂಡಲಸಂಗಮ ಸಮುದ್ರಮಟ್ಟದಿಂದ ಹತ್ತಿರಹತ್ತಿರ 500 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ.

ಸಿಕ್ಕ ಎರಡು ಅಂಕಿಗಳನ್ನು ನಿಮ್ಮ ಕಾರಿನ ದುರಸ್ತಿ ಕೈಪಿಡಿಯ ಕೋಷ್ಟಕಕ್ಕೆ ಹೋಲಿಸಿ. ಮೇಲೆ ಕೊಟ್ಟವು ಒಂದು ಬಗೆಯ ಥರ್ಮಿಸ್ಟರಿನವು ಮಾತ್ರ. ಕಾರಿನಿಂದ ಕಾರಿಗೆ ಬೇರೆಯಾಗುತ್ತವೆ. ಎರಡೂ ಬಿಂದುಗಳಲ್ಲಿ ಹೊಂದಿದರೆ ಸೆನ್ಸರ್ ಒಳ್ಳೆಯದು; ಪ್ಲಗ್ಗನ್ನೂ ತಂತಿಯನ್ನೂ ಶುಚಿಗೊಳಿಸಿ. ಹೊಂದದಿದ್ದರೆ ಅದನ್ನು ಬದಲಾಯಿಸುವುದೇ ಮದ್ದು. ಹೊಸದನ್ನು ಹಾಕಿದ ಮೇಲೂ ಅಂಕಿ ಹಳೆಯದರಲ್ಲೇ ನಿಂತಿದ್ದರೆ ಗಾಬರಿ ಬೇಡ, ಮೊದಲು ಹೇಳಿದ ಗಣಕದ ನಿಧಾನವೇ ಕಾರಣ. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿದರೆ ಸರಿಹೋಗುತ್ತದೆ. ಹೋಗದಿದ್ದರೆ ಗ್ಯಾರೇಜಿನ ತಪಾಸಣೆ ಯಂತ್ರದಿಂದ ಆ ನೆನಪನ್ನು ಅಳಿಸಬಹುದು.

ಕೆಲವರು ಸುಲಭದ ದಾರಿ ಹೇಳಿಕೊಡುತ್ತಾರೆ: ಕಾರು 3 ಡಿಗ್ರಿ ಹೆಚ್ಚು ತೋರಿಸುತ್ತದೆಯೇ? ತಂತಿಗೆ ಸರಣಿಯಲ್ಲಿ ಒಂದು ರೋಧಕ ಬೆಸೆದುಬಿಡಿ, ಅಂಕಿ ಇಳಿಯುತ್ತದೆ. ಇಳಿಯುವುದು ನಿಜ. ಆದರೆ ಕಿಲುಬಿನ ಲೆಕ್ಕವನ್ನು ನೆನಪಿಸಿಕೊಳ್ಳಿ. ಈ ರೋಧಕವೂ ನಾವೇ ಕೈಯಾರೆ ಹಾಕಿದ ಕಿಲುಬು. 40 ಡಿಗ್ರಿಯಲ್ಲಿ ಒಂದಷ್ಟು ತಿದ್ದಿದರೆ 20ರಲ್ಲಿ ಬೇರೊಂದಷ್ಟು ತಿದ್ದುತ್ತದೆ. ಅದಕ್ಕಿಂತ ಮುಖ್ಯವಾಗಿ, ಮೂಲದ ತಪ್ಪು ನಿಂತ ಕಾರಿನ ಬಿಸಿಯದಾಗಿದ್ದರೆ, ಓಡುವಾಗ ಸರಿಯಾಗಿ ಬರುತ್ತಿದ್ದ ಅಂಕಿಯನ್ನೂ ನಾವು ಕೆಡಿಸಿದಂತಾಯಿತು.

ಹವಾಮಾನ ಇಲಾಖೆಗೂ ಇಂತಹ ಪ್ರಸಂಗ ಬಂದದ್ದುಂಟು. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶವೆಲ್ಲ ಬೆಚ್ಚಿಬಿತ್ತು. ಅದೇ ದಿನ ದೆಹಲಿಯ ಉಳಿದ ಕೇಂದ್ರಗಳ ಅಂಕಿಗಳು ಸುಮಾರು 45ರಿಂದ 49ರ ನಡುವೆ ಇದ್ದವು. ಇಲಾಖೆ ತನ್ನ ತಂಡವನ್ನು ಕಳುಹಿಸಿ, ಮಾನಕ ಉಪಕರಣಕ್ಕೆ ಹೋಲಿಸಿ ನೋಡಿಸಿತು. ಸೆನ್ಸರ್ 3 ಡಿಗ್ರಿ ಹೆಚ್ಚು ತೋರಿಸುತ್ತಿದ್ದುದು ಕಂಡುಬಂತು. ಇಲ್ಲಿಯೂ ದಾರಿ ಅದೇ: ನೆರೆಯವರೊಡನೆ ಹೋಲಿಕೆ, ಆಮೇಲೆ ಒಂದೇ ಜಾಗದಲ್ಲಿ ಒಳ್ಳೆಯ ಉಪಕರಣದೊಡನೆ ಹೋಲಿಕೆ. ನಿಮಗೂ ನೆರೆಯವರಿದ್ದಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ನಡೆಸುತ್ತದೆ. ಹೆದ್ದಾರಿಯಲ್ಲಿ ಓಡುವಾಗ ಕಂಡ ಅಂಕಿಯನ್ನು ಬರೆದಿಟ್ಟುಕೊಂಡು, ಆ ಹೊತ್ತಿನ ಹೋಬಳಿಯ ಅಂಕಿಯೊಡನೆ ಒಂದು ವಾರ ಹೋಲಿಸಿ ನೋಡಬಹುದು. ಒಂದೇ ದಿನದ ಹೋಲಿಕೆಯಿಂದ ತೀರ್ಮಾನಕ್ಕೆ ಬರಬೇಡಿ. ಒಂದು ಮೋಡದ ನೆರಳೂ ಒಂದು ಡಿಗ್ರಿ ಬದಲಿಸಬಲ್ಲದು.

ಕೊನೆಗೆ ಒಂದು ಮಾತು, ಇದು ದುರಸ್ತಿಯದಲ್ಲ. ಎಷ್ಟೇ ಸರಿಯಾದ ಸೆನ್ಸರ್ ಆದರೂ ಅದು ಹೇಳುವುದು ಹೊರಗಿನ ಸುದ್ದಿ. ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗು ಒಂದು ಗಂಟೆಯೊಳಗೆ ಹೊರಗಿನದಕ್ಕಿಂತ 20 ಡಿಗ್ರಿ ಹೆಚ್ಚು ಕಾಯಬಲ್ಲದು. ತೆರೆಯ ಮೇಲೆ 38 ಎಂದಿದ್ದರೂ ಒಳಗೆ 58 ಇರಬಹುದು. "ಐದು ನಿಮಿಷದಾಗ ಬರ್ತೀವಿ, ಮಲಗಿರಲಿ ಬಿಡ್ರಿ" ಎಂದು ಮಗುವನ್ನು ಒಳಗೆ ಬಿಟ್ಟು ದರ್ಶನಕ್ಕೆ ನಡೆಯುವವರು ಕಂಡರೆ, ಚಿಕ್ಕವರೆಂದು ಹಿಂಜರಿಯದೆ ತಡೆಯಿರಿ. ಮಗುವನ್ನು ಎತ್ತಿಕೊಂಡೇ ಗುಡಿಗೆ ಹೋಗಲಿ.